ದಾರಿ ಹೇಳುವ ಯಂತ್ರ

ವಾಹನದ ಮುಂಭಾಗದ ಗಾಜಿಗೆ ಅಂಟಿಕೊಂಡು, ತಿರುವು ಬರುವ ಮೊದಲೇ ಎಡಕ್ಕೋ ಬಲಕ್ಕೋ ಎಂದು ನುಡಿಯುವ ಅಂಗೈಯಗಲದ ಜಿಪಿಎಸ್ ಯಂತ್ರವು, ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತಗಳನ್ನು ಗ್ರಹಿಸಿ, ಅವು ತಲುಪಲು ಹಿಡಿದ ಕಾಲದಿಂದ ದೂರವನ್ನು ಗಣಿಸಿ, ತನ್ನ ಸ್ಥಾನವನ್ನು ನಿರ್ಣಯಿಸಿಕೊಳ್ಳುತ್ತದೆ. ಅಮೆರಿಕದ ಸೇನೆಗೆಂದು ನಿರ್ಮಿತವಾದ ಈ ವ್ಯವಸ್ಥೆಯಲ್ಲಿ ಜನಸಾಮಾನ್ಯರ ಪಾಲಿಗೆ ಬುದ್ಧಿಪೂರ್ವಕವಾಗಿ ಬೆರೆಸಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ, ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗಿಳಿದು, ನಿತ್ಯದ ಸಂಚಾರಕ್ಕೆ ಅದು ಇನ್ನಷ್ಟು ಯೋಗ್ಯವಾಯಿತು.

ನಕ್ಷೆಯು ಯಂತ್ರದ ಉದರದಲ್ಲಿಯೇ ಅಡಗಿರುವುದರಿಂದ, ಮೊಬೈಲ್ ಸಂಕೇತ ಕ್ಷೀಣಿಸುವ ಚಾರ್ಮಾಡಿಯಂಥ ಘಟ್ಟಗಳಲ್ಲಿಯೂ ಅದು ಮೌನವಹಿಸದು. ಆದರೆ ಸುರಂಗದೊಳಗೂ ಗಗನಚುಂಬಿ ಕಟ್ಟಡಗಳ ನಡುವೆಯೂ ಅದು ದಿಕ್ಕುಗೆಡುವುದುಂಟು. ನಕ್ಷೆಗೂ ಹಳೆಯ ಪಂಚಾಂಗದಂತೆ ಕಾಲಬಾಧೆಯುಂಟು: ಕಂಪ್ಯೂಟರಿಗೆ ಜೋಡಿಸಿ ಆಗಾಗ ನವೀಕರಿಸದಿದ್ದರೆ, ಹೊಸ ಬೈಪಾಸಿನಲ್ಲಿ ಸಾಗುವವನನ್ನು ಅದು ಹೊಲದ ನಡುವೆ ಇರುವವನೆಂದೇ ಬಗೆಯುವುದು. ಗಮ್ಯವನ್ನು ಹೊರಡುವ ಮುನ್ನವೇ ನಮೂದಿಸಿ, ಯಂತ್ರವನ್ನು ನೋಟಕ್ಕೆ ಅಡ್ಡಬಾರದೆಡೆ ನಿಲ್ಲಿಸಿ, ಕಿವಿಯನ್ನು ಮಾತ್ರ ಅದಕ್ಕೆ ಕೊಟ್ಟು ಕಣ್ಣನ್ನು ರಸ್ತೆಗೆ ಮೀಸಲಿಡುವುದು ವಿಹಿತ. ಏಕಮುಖ ಸಂಚಾರದ ಫಲಕವು ಯಂತ್ರದ ವಾಣಿಗೆ ವಿರುದ್ಧವಾದಲ್ಲಿ ಫಲಕದ ಮಾತೇ ಪ್ರಮಾಣ.