ಖಿನ್ನತೆಯ ಮಾತ್ರೆಯ ಜೊತೆ ಎಚ್ಚರದ ಮಾತ್ರೆ: ನೀವು ತಿಳಿದಿರಬೇಕಾದದ್ದು

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ನಮ್ಮೊಂದಿಗೆ ಪದೇ ಪದೇ ಹೇಳುವ ಮಾತು ಇದು: "ಸಿಸ್ಟರ್, ಮನಸ್ಸು ಹಗುರಾಗಿದೆ, ಆದರೆ ಹಗಲೆಲ್ಲಾ ನಿದ್ದೆ ಎಳೆಯುತ್ತದೆ." ಅಳು ನಿಂತಿದೆ, ಊಟ ರುಚಿಸುತ್ತಿದೆ, ನಾಲ್ಕು ಜನರೊಡನೆ ಮಾತನಾಡಬೇಕೆನಿಸುತ್ತಿದೆ. ಆದರೂ ಕೆಲಸದ ವೇಳೆಯಲ್ಲಿ ಕಣ್ಣು ಮುಚ್ಚುತ್ತದೆ. ಇಂತಹ ಕೆಲವರಿಗೆ ವೈದ್ಯರು ಎಚ್ಚರವಾಗಿರಿಸುವ ಮಾತ್ರೆಯನ್ನೂ ಬರೆದುಕೊಡುವುದುಂಟು. ಇನ್ನು ಕೆಲವರು ಗೆಳೆಯರ ಮಾತು ಕೇಳಿ ತಾವೇ ತಂದು ನುಂಗುತ್ತಾರೆ. ಮೊದಲನೆಯದು ಚಿಕಿತ್ಸೆ, ಎರಡನೆಯದು ಅಪಾಯ.

ಈ ಮಾತ್ರೆ ಯಾವುದು?

ಇದರ ಹೆಸರು ಮೊಡಾಫಿನಿಲ್. ಇದೇ ಗುಂಪಿನ ಇನ್ನೊಂದು ಆರ್ಮೊಡಾಫಿನಿಲ್. ಮೊಡಾಫಿನಿಲ್ ಫ್ರಾನ್ಸ್ ದೇಶದಲ್ಲಿ ತಯಾರಾದ ಔಷಧ. ಅಮೆರಿಕದಲ್ಲಿ 1998ರಲ್ಲಿ ನಾರ್ಕೊಲೆಪ್ಸಿ ಎಂಬ ಕಾಯಿಲೆಗೆ ಒಪ್ಪಿಗೆ ದೊರೆಯಿತು. ಈ ಕಾಯಿಲೆಯಲ್ಲಿ ಹಗಲಿನಲ್ಲಿಯೇ ತಡೆಯಲಾಗದ ನಿದ್ದೆ ಬರುತ್ತದೆ. ಯುರೋಪಿನ ಔಷಧ ಸಂಸ್ಥೆಯು 2010ರಲ್ಲಿ ಮರುಪರಿಶೀಲಿಸಿ, ಇದನ್ನು ನಾರ್ಕೊಲೆಪ್ಸಿಗೆ ಮಾತ್ರ ಬಳಸಬೇಕೆಂದು ಸಲಹೆ ನೀಡಿತು.

ಇದು ಖಿನ್ನತೆಯ ಔಷಧವಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ಖಿನ್ನತೆ ಇಳಿದ ಮೇಲೂ ಉಳಿಯುವ ಸುಸ್ತು, ಜೋಂಪಿಗೆ ಮನೋವೈದ್ಯರು ಆಯ್ದ ಕೆಲವರಿಗೆ ಮಾತ್ರ, ತಮ್ಮ ವಿವೇಚನೆಯಿಂದ ಇದನ್ನು ಸೇರಿಸುತ್ತಾರೆ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 12ರಿಂದ 15 ಗಂಟೆ ಬೇಕು. ಆದ್ದರಿಂದ ಸಾಮಾನ್ಯವಾಗಿ ಬೆಳಿಗ್ಗೆಯೇ ತೆಗೆದುಕೊಳ್ಳಲು ಹೇಳುತ್ತಾರೆ. ಸಂಜೆ ನುಂಗಿದರೆ ಆ ರಾತ್ರಿಯ ನಿದ್ದೆ ಹೋದಂತೆಯೇ.

ಮೊದಲು ಕಾರಣ ಹುಡುಕಬೇಕು

ಹಗಲು ನಿದ್ದೆಗೆ ಹಲವು ಕಾರಣಗಳಿವೆ. ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್ ಮುಂತಾದ ಮಾತ್ರೆಗಳೇ ಜೋಂಪು ತರುತ್ತವೆ. ತೆಗೆದುಕೊಳ್ಳುವ ಹೊತ್ತು ಅಥವಾ ಪ್ರಮಾಣವನ್ನು ವೈದ್ಯರು ಬದಲಿಸಿದರೆ ಸಾಕಾಗಬಹುದು. ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಸುಸ್ತಾಗುತ್ತದೆ. ನೆಗಡಿ, ಅಲರ್ಜಿ ಮಾತ್ರೆಗಳು, ಮದ್ಯಪಾನ, ರಾತ್ರಿ ಪಾಳಿ, ತಡರಾತ್ರಿಯವರೆಗೆ ಟಿ.ವಿ. ಮತ್ತು ಮೊಬೈಲ್ ನೋಡುವುದು ಇವೂ ಕಾರಣಗಳೇ. ಖಿನ್ನತೆ ಇನ್ನೂ ಪೂರ್ತಿ ವಾಸಿಯಾಗಿಲ್ಲ ಎಂಬುದರ ಸೂಚನೆಯೂ ಇರಬಹುದು.

ರೋಗಿಗಳ ಅನುಭವಗಳು

ಒಬ್ಬ ಶಾಲಾ ಶಿಕ್ಷಕಿಗೆ ಖಿನ್ನತೆಯ ಮಾತ್ರೆಯ ಜೊತೆ ವೈದ್ಯರು ಬೆಳಿಗ್ಗೆ 100 ಮಿ.ಗ್ರಾಂ. ಮೊಡಾಫಿನಿಲ್ ಕೊಟ್ಟರು. ಮೊದಲ ವಾರ ತಲೆನೋವು ಬಂತು, ಬಾಯಿ ಒಣಗಿತು, ಹಸಿವು ಕಡಿಮೆಯಾಯಿತು. ನೀರು ಹೆಚ್ಚು ಕುಡಿದು, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾ ಬಂದಂತೆ ಇವು ಕಡಿಮೆಯಾದವು. ಮಧ್ಯಾಹ್ನದ ಪಾಠದಲ್ಲಿ ತೂಕಡಿಕೆ ನಿಂತಿತು. ಆಕೆ ಹೇಳಿದ್ದು ಇಷ್ಟು: "ಇದರಿಂದ ಸಂತೋಷವೇನೂ ಬರಲಿಲ್ಲ, ಕಣ್ಣು ಮಾತ್ರ ತೆರೆದಿರುತ್ತದೆ." ಈ ಮಾತ್ರೆಯಿಂದ ನಿರೀಕ್ಷಿಸಬೇಕಾದದ್ದೂ ಅಷ್ಟೇ.

ಒಬ್ಬ ಲಾರಿ ಚಾಲಕರು ಗೆಳೆಯನಿಂದ ಈ ಮಾತ್ರೆ ಪಡೆದು ಸಂಜೆ ನುಂಗಿ ರಾತ್ರಿಯಿಡೀ ಗಾಡಿ ಓಡಿಸಿದರು. "ಈಗ ಚುರುಕಾಗಿದ್ದೇನಲ್ಲ" ಎಂದು ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರು. ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಎದೆಬಡಿತ, ಸಿಟ್ಟು ಶುರುವಾದವು. ನಂತರ ಹಳೆಯ ಮಂಕು ಮರಳಿತು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದಾಗ ಅವರ ಹೆಂಡತಿ ಗಾಬರಿಯಾಗಿ ಆಸ್ಪತ್ರೆಗೆ ಕರೆತಂದರು. ಸಮಯಕ್ಕೆ ಬಂದದ್ದರಿಂದ ಚೇತರಿಸಿಕೊಂಡರು.

ಇನ್ನೊಬ್ಬ ತಾಯಿ ತನಗೂ "ಎಚ್ಚರದ ಗುಳಿಗೆ" ಬೇಕೆಂದು ಬಂದರು. ಅವರ ಗೊರಕೆ ಪಕ್ಕದ ಕೋಣೆಗೂ ಕೇಳುತ್ತದೆ, ನಡುನಡುವೆ ಉಸಿರು ನಿಲ್ಲುತ್ತದೆ ಎಂದು ಮಗ ಹೇಳಿದ. ಪರೀಕ್ಷೆಯಲ್ಲಿ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಎಂದು ತಿಳಿಯಿತು. ಅವರಿಗೆ ಬೇಕಿದ್ದುದು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ, ಗುಳಿಗೆಯಲ್ಲ.

ಮೂವರದೂ ಒಂದೇ ದೂರು, ಆದರೆ ಉತ್ತರ ಬೇರೆ ಬೇರೆ.

ಎರಡು ಔಷಧಗಳು ಸೇರಿದಾಗ

ನಾವು ನುಂಗಿದ ಬಹುತೇಕ ಔಷಧಗಳನ್ನು ಪಿತ್ತಜನಕಾಂಗ, ಅಂದರೆ ಲಿವರ್, ಕರಗಿಸಿ ಹೊರಹಾಕುತ್ತದೆ. ಇದನ್ನು ಹಿಟ್ಟಿನ ಗಿರಣಿಗೆ ಹೋಲಿಸಬಹುದು. ಮೊಡಾಫಿನಿಲ್ ಅಲ್ಲಿನ ಒಂದು ಗಿರಣಿಯನ್ನು ನಿಧಾನ ಮಾಡುತ್ತದೆ, ಇನ್ನೊಂದರ ವೇಗ ಹೆಚ್ಚಿಸುತ್ತದೆ.

ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಗಳು ಕರಗುವುದು ಹೆಚ್ಚಾಗಿ ಆ ನಿಧಾನವಾದ ಗಿರಣಿಯಲ್ಲಿ. ಆಗ ಅದೇ ಪ್ರಮಾಣ ನುಂಗಿದರೂ ರಕ್ತದಲ್ಲಿ ಔಷಧ ಹೆಚ್ಚಾಗಬಹುದು. ವಾಕರಿಕೆ, ಬೆವರು, ಕೈನಡುಕ ಕಾಣಬಹುದು. ಸಿಟಾಲೊಪ್ರಾಮ್ ಅತಿಯಾದರೆ ಹೃದಯದ ಬಡಿತದ ಲಯ ಕೆಡಬಹುದು. ಈ ಗಿರಣಿಯನ್ನು ನಿಧಾನ ಮಾಡುವ ಔಷಧದ ಜೊತೆ ಸಿಟಾಲೊಪ್ರಾಮ್ ದಿನಕ್ಕೆ 20 ಮಿ.ಗ್ರಾಂ. ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ತಿಳಿಸಿದೆ.

ವೇಗ ಹೆಚ್ಚಿದ ಗಿರಣಿಯಲ್ಲಿ ಗರ್ಭನಿರೋಧಕ ಮಾತ್ರೆ ಬೇಗ ಕರಗಿ ಅದರ ಬಲ ಕುಗ್ಗುತ್ತದೆ. ಮೊಡಾಫಿನಿಲ್ ಸೇವಿಸುವಾಗಲೂ, ನಿಲ್ಲಿಸಿದ ನಂತರ ಎರಡು ತಿಂಗಳವರೆಗೂ ಬೇರೆ ಕ್ರಮ ಅನುಸರಿಸುವುದು ಕ್ಷೇಮ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಮಗುವಿನ ಬೆಳವಣಿಗೆಯಲ್ಲಿ ದೋಷ ಉಂಟಾಗಬಹುದೆಂದು 2019ರಿಂದ ಹಲವು ದೇಶಗಳು ಎಚ್ಚರಿಸಿವೆ. ಸೋದರಿಯರೇ, ನಾಚಿಕೆಪಡದೆ ಈ ವಿಷಯ ತಿಳಿಸಿ.

ನಾರ್ಕೊಲೆಪ್ಸಿ ಇರುವ ಕೆಲವರಿಗೆ ನಕ್ಕಾಗ ಅಥವಾ ಬೆಚ್ಚಿದಾಗ ಮೈ ಸಡಿಲಗೊಂಡು ಕುಸಿಯುವ ತೊಂದರೆ ಇರುತ್ತದೆ. ಇದಕ್ಕೆ ವೆನ್ಲಾಫ್ಯಾಕ್ಸಿನ್‌ನಂತಹ ಖಿನ್ನತೆಯ ಮಾತ್ರೆಯನ್ನೇ ಕೊಡುತ್ತಾರೆ. "ನನಗೆ ಖಿನ್ನತೆ ಇಲ್ಲವಲ್ಲ" ಎಂದು ಅದನ್ನು ತಟ್ಟನೆ ಬಿಟ್ಟರೆ ಕುಸಿತಗಳು ಹೆಚ್ಚಾಗುತ್ತವೆ.

ವೈದ್ಯರಿಗೆ ಇವನ್ನು ಮರೆಯದೆ ಹೇಳಿ

• ನೀವು ಸೇವಿಸುವ ಎಲ್ಲಾ ಔಷಧಗಳು, ನಾಟಿ ಔಷಧಗಳೂ ಸೇರಿ
• ರಕ್ತದೊತ್ತಡ, ಹೃದಯ ಅಥವಾ ಲಿವರ್ ತೊಂದರೆ
• ಹಿಂದೆಂದಾದರೂ ಅತಿಯಾದ ಉತ್ಸಾಹ, ಅತಿಮಾತು, ನಿದ್ದೆಯೇ ಬೇಡವೆನಿಸಿದ ದಿನಗಳು, ಇಲ್ಲದ ಧ್ವನಿ ಕೇಳಿದ್ದು
• ಗರ್ಭಧಾರಣೆ ಅಥವಾ ಅದರ ಸಾಧ್ಯತೆ

ತಡಮಾಡದೆ ಬನ್ನಿ

ಮೈಮೇಲೆ ಗಂದೆ, ಗುಳ್ಳೆ, ಬಾಯಿಹುಣ್ಣು, ಜ್ವರದೊಡನೆ ಚರ್ಮ ಸುಲಿಯುವುದು ಕಂಡರೆ ಮೊಡಾಫಿನಿಲ್ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಬನ್ನಿ. ಇದು ಅಪರೂಪ, ಆದರೆ ಪ್ರಾಣಾಪಾಯಕಾರಿ. ಎದೆನೋವು, ಜೋರಾದ ಎದೆಬಡಿತ, ವಿನಾಕಾರಣ ಅನುಮಾನ, ಸತತ ನಿದ್ರಾಹೀನತೆ ಕಂಡರೂ ಕಾಯಬೇಡಿ. ಸಾಯುವ ಯೋಚನೆ ಬಂದರೆ ಮನೆಯವರಿಗೆ ಆ ಕ್ಷಣವೇ ತಿಳಿಸಿ. ಮನೆಯವರು ರೋಗಿಯನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಮುಂದಿನ ಭೇಟಿಗೆ ಬರುವಾಗ ಒಂದು ಚಿಕ್ಕ ಪುಸ್ತಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಮಾತ್ರೆ ನುಂಗಿದ ಹೊತ್ತು, ಹಗಲಿನಲ್ಲಿ ತೂಕಡಿಸಿದ ಹೊತ್ತು ಬರೆದು ತನ್ನಿ. ಓದು ಬರಹ ಬಾರದಿದ್ದರೆ ಮಕ್ಕಳಿಂದ ಬರೆಸಿ. ಎರಡು ವಾರದ ಈ ಬರಹ ವೈದ್ಯರಿಗೆ ತುಂಬಾ ನೆರವಾಗುತ್ತದೆ. ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಇನ್ನೊಬ್ಬರದನ್ನು ನೀವು ಕೇಳಬೇಡಿ.