ರಕ್ತದಲ್ಲಿ ಬಂದ ಬಲ

ಫಿನ್ಲೆಂಡಿನ ಸ್ಕೀ ಪಟು ಈರೊ ಮ್ಯಾಂಟಿರಾಂಟಾ 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 15 ಮತ್ತು 30 ಕಿ.ಮೀ. ಸ್ಪರ್ಧೆಗಳೆರಡರಲ್ಲೂ ಚಿನ್ನ ಗೆದ್ದರು. ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ವಿಪರೀತ ಹೆಚ್ಚಿತ್ತು. ಏನೋ ಮೋಸವಿದೆ ಎಂಬ ಗುಸುಗುಸುವೂ ಇತ್ತು. ಕಾರಣ ತಿಳಿದದ್ದು 1993ರಲ್ಲಿ. ಕೆಂಪು ರಕ್ತಕಣಗಳ ತಯಾರಿಕೆಗೆ ಪ್ರಚೋದಿಸುವ ಹಾರ್ಮೋನಿಗೆ ಅವರ ಮನೆತನದ ಹಲವರ ದೇಹ ಅತಿಯಾಗಿ ಸ್ಪಂದಿಸುತ್ತಿತ್ತು. ಅದು ಹುಟ್ಟಿನಿಂದಲೇ ಬಂದ ಜೀನ್ ವ್ಯತ್ಯಾಸ. ಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು. ಪದಕಗಳು ಅವರಲ್ಲೇ ಉಳಿದವು. ಉಳಿಯಬೇಕಾದದ್ದೇ.

ಶಾಂತಿ ಸೌಂದರರಾಜನ್ ಅವರಿಗೆ ಹಾಗಾಗಲಿಲ್ಲ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು. 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ನಡೆಯಿತು, ಫಲಿತಾಂಶ ಊರಿಗೆಲ್ಲ ಗೊತ್ತಾಯಿತು, ಪದಕ ಹೋಯಿತು. ಮುಂದೊಂದು ದಿನ ಅವರೂ ಅದೇ ಇಟ್ಟಿಗೆ ಕೆಲಸಕ್ಕೆ ಕೂಲಿಗೆ ಹೋಗಬೇಕಾಯಿತು. ಅವರು ಮದ್ದು ನುಂಗಿರಲಿಲ್ಲ.

ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹಿಮೋಗ್ಲೋಬಿನ್ ನೋಡಿ ಯಾರೂ ವಿಭಾಗ ಮಾಡುವುದಿಲ್ಲ. ಹೆಣ್ಣು, ಗಂಡು ಎಂದು ಮಾಡುತ್ತಾರೆ. ಹರೆಯದಲ್ಲಿ ಟೆಸ್ಟೋಸ್ಟಿರಾನ್ ತರುವ ಬಲದಿಂದ ಓಟದ ಉನ್ನತ ಮಟ್ಟದಲ್ಲಿ ಗಂಡಸರು ಸುಮಾರು ಶೇ 10ರಷ್ಟು ಮುಂದಿರುತ್ತಾರೆ. ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಪಿ.ಟಿ. ಉಷಾ, ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಅವರ ಹೆಸರೇ ನಮಗೆ ಗೊತ್ತಿರುತ್ತಿರಲಿಲ್ಲ. ಗೆರೆ ಬೇಕು.

ಆದರೆ ಆ ಗೆರೆ ಒಂದೆಡೆ ನಿಂತಿಲ್ಲ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಹೊತ್ತಿಗೆ ತಂಡದಿಂದ ಹೊರಬಿದ್ದರು. ಮಹಿಳಾ ವಿಭಾಗದವರ ರಕ್ತದಲ್ಲಿ ಟೆಸ್ಟೋಸ್ಟಿರಾನ್‌ಗೆ ಆಗಿನ ಮಿತಿ ಲೀಟರಿಗೆ 10 ನ್ಯಾನೊಮೋಲ್. ಸಹಜ ಟೆಸ್ಟೋಸ್ಟಿರಾನ್ ಎಷ್ಟು ಅನುಕೂಲ ಕೊಡುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ನಿಯಮವನ್ನೇ ತಡೆಹಿಡಿಯಿತು. 2018ರ ಹೊಸ ನಿಯಮದಲ್ಲಿ ಮಿತಿ 5, ಅದೂ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ಅದೇ ವರ್ಷ ಜಕಾರ್ತ ಏಷ್ಯನ್ ಕೂಟದಲ್ಲಿ ದ್ಯುತಿಗೆ 100, 200 ಮೀಟರ್ ಎರಡರಲ್ಲೂ ಬೆಳ್ಳಿ. (ಮದ್ದು ಸೇವನೆಗಾಗಿ 2023ರಲ್ಲಿ ಅವರ ಮೇಲೆ ಬಿದ್ದ ನಾಲ್ಕು ವರ್ಷದ ನಿಷೇಧ ಬೇರೆಯೇ ವಿಷಯ.) 2023ರಲ್ಲಿ ಮಿತಿ 2.5, ಎಲ್ಲ ಸ್ಪರ್ಧೆಗಳಿಗೂ. 2025ರಿಂದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳಾ ವಿಭಾಗಕ್ಕೆ ಜೀನ್ ಪರೀಕ್ಷೆಯೇ ಕಡ್ಡಾಯ.

ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಒಂದಿಷ್ಟು ಜೀವಕೋಶ ಸಾಕು ಈ ಪರೀಕ್ಷೆಗೆ. ಹೆಣ್ಣಾಗಿಯೇ ಹುಟ್ಟಿ ಬೆಳೆದ ಹುಡುಗಿಗೆ ತನ್ನ ದೇಹದ ಗುಟ್ಟು ಮೊದಲು ತಿಳಿಯುವುದು ಆ ವರದಿಯಿಂದಲೇ ಆಗಬಹುದು. ಅದನ್ನು ಆಕೆಗೆ ಹೇಳಬೇಕಾದವರು ನುರಿತ ವೈದ್ಯರು, ಅದೂ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪರ್ಧೆಗೆ ಬಹಳ ಮೊದಲೇ. ಪತ್ರಿಕೆಗಳಿಗೆ ಅಲ್ಲೇನೂ ಕೆಲಸವಿಲ್ಲ. ಶಾಂತಿಯವರ ಬೆಳ್ಳಿಯನ್ನಂತೂ ಏಷ್ಯನ್ ಒಲಿಂಪಿಕ್ ಮಂಡಳಿ ಮರಳಿಸಲೇಬೇಕು.