ಶಾಲೆ ಕೈ ಬದಲಾದರೆ ಪಾಲಕರು ಏನು ಕೇಳಬೇಕು?

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಸಾವಿರ ವರ್ಷಗಳಿಗೆ ಸಮೀಪದ ಹಿಂದೆ ದೊಡ್ಡ ವಿದ್ಯಾಕೇಂದ್ರವೊಂದಿತ್ತು. ಕಲ್ಯಾಣ ಚಾಲುಕ್ಯರ ಕಾಲದ, 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ವಿವರ ನೀಡುತ್ತದೆ. ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ ಸುಮಾರು 50 ಮಂದಿ, ಅವರ ಗುರುಗಳು, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತಿ ಭಂಡಾರಿಗರು ಅಲ್ಲಿದ್ದರು. ಎಲ್ಲ ಜಾತಿಯ ಮಕ್ಕಳಿಗೂ ತೆರೆದ ಶಾಲೆ ಅದಾಗಿರಲಿಲ್ಲ. ಆದರೆ ಒಂದು ಮಾತು ಇಂದಿಗೂ ಪಾಠವಾಗುವಂಥದು: ಕಲಿಸುವವರ, ಕಲಿಯುವವರ ಖರ್ಚಿಗೆ ಬಿಟ್ಟ ದತ್ತಿಯನ್ನು ಬಾಯಿಮಾತಿಗೆ ಬಿಡದೆ ಕಲ್ಲಿನಲ್ಲಿ ಕೊರೆಯಿಸಲಾಗಿತ್ತು.

ಇಂದು ಸೇಡಂ, ಕುರಕುಂಟಾ, ವಾಡಿ, ಶಹಾಬಾದ್ ಭಾಗದ ಪಾಲಕನಿಗೆ ಶಾಲೆ ಎಂದರೆ ಮೂರು ಬಗೆ. ಮೊದಲನೆಯದು ಸರ್ಕಾರಿ ಶಾಲೆ. ಕಟ್ಟಡವೂ ಸಂಬಳವೂ ಸರ್ಕಾರದ್ದು. ಎರಡನೆಯದು ಅನುದಾನಿತ ಶಾಲೆ. ಆಡಳಿತ ಖಾಸಗಿ ಸಂಸ್ಥೆಯದು, ಅನುದಾನಕ್ಕೆ ಒಳಪಟ್ಟ ಶಿಕ್ಷಕರ ಸಂಬಳ ಸರ್ಕಾರದ್ದು. ಮೂರನೆಯದು ಅನುದಾನರಹಿತ ಶಾಲೆ; ಅದು ನಡೆಯುವುದು ಬಹುಪಾಲು ಪಾಲಕರು ಕಟ್ಟುವ ಶುಲ್ಕದಿಂದ. ಹೊರಗಿನಿಂದ ನೋಡಿದರೆ ಮೂರರಲ್ಲೂ ಅದೇ ಗಂಟೆ, ಅದೇ ಕರಿಹಲಗೆ. ಆದರೆ ಒಂದು ಶಾಲೆ ಒಂದು ಬಗೆಯಿಂದ ಇನ್ನೊಂದಕ್ಕೆ ಹೊರಳಿದರೆ ಮಗುವಿನ ಹಕ್ಕುಗಳೂ ಹೊರಳುತ್ತವೆ.

ಇದಕ್ಕೆ ಹತ್ತಿರದ ಉದಾಹರಣೆ ನೆರೆಯ ಆಂಧ್ರಪ್ರದೇಶದ್ದು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಅನುದಾನಿತ ಸಂಸ್ಥೆಗಳ ಮುಂದೆ ಆಯ್ಕೆಗಳನ್ನಿಟ್ಟಿತು. ಆಸ್ತಿ ಸಮೇತ ಸಂಸ್ಥೆಯನ್ನೇ ಸರ್ಕಾರಕ್ಕೆ ಒಪ್ಪಿಸಬೇಕು. ಇಲ್ಲವೇ ಅನುದಾನದ ಸಿಬ್ಬಂದಿಯನ್ನು ಒಪ್ಪಿಸಿ ಖಾಸಗಿ ಶಾಲೆಯಾಗಿ ಮುಂದುವರಿಯಬೇಕು. ಎರಡನೆಯ ದಾರಿ ಹಿಡಿದ ಕಡೆ ಅನುಭವಿ ಶಿಕ್ಷಕರು ಹೊರಟರು, ಶುಲ್ಕದ ಭಯ ಬಂತು. ಪಾಲಕರು ಬೀದಿಗಿಳಿದರು. ಕರ್ನಾಟಕದ ಗಡಿಯ ಅನಂತಪುರದಲ್ಲಿ ನವೆಂಬರ್‌ನಲ್ಲಿ ಅನುದಾನಿತ ಕಾಲೇಜಿನ ವಿದ್ಯಾರ್ಥಿಗಳ ಪ್ರತಿಭಟನೆ ಲಾಠಿ ಪ್ರಹಾರದವರೆಗೂ ಹೋಯಿತು. ಕೆಲವೇ ದಿನಗಳಲ್ಲಿ ಸರ್ಕಾರ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲು ಸಂಸ್ಥೆಗಳಿಗೆ ಅವಕಾಶ ನೀಡಿತು. ಆಯ್ಕೆ ಕೇಳಿದ್ದು ಆಡಳಿತ ಮಂಡಳಿಗಳನ್ನು. ಪಾಲಕರಿಗೆ ಸುದ್ದಿ ತಲುಪಿದ್ದು ಆಮೇಲೆ.

ಪಾಲಕರನ್ನೇ ಕೇಳಿದ ಉದಾಹರಣೆಯೂ ಇದೆ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾಯ್ದೆಯಂತೆ ಶಾಲೆಯೊಂದು ಸ್ಥಳೀಯ ಆಡಳಿತದಿಂದ ಹೊರಬರಬೇಕಾದರೆ ಪಾಲಕರ ಗುಪ್ತ ಮತದಾನ ನಡೆಯಬೇಕಿತ್ತು. 1998ರ ಕಾಯ್ದೆ ಆ ಬಗೆಯ ಶಾಲೆಗಳನ್ನು ಕೊನೆಗೊಳಿಸಿತು. 2010ರ ಕಾಯ್ದೆಯ ನಂತರ ಅಲ್ಲಿ ‘ಅಕಾಡೆಮಿ’ ಎಂಬ ಸ್ವತಂತ್ರ ಆಡಳಿತದ ಶಾಲೆಗಳು ಬೆಳೆದವು. ಅವುಗಳಿಗೆ ಹಣ ಕೇಂದ್ರ ಸರ್ಕಾರದ್ದು, ಬೋಧನೆಗೆ ಶುಲ್ಕವಿಲ್ಲ. ಆದರೆ ಪರಿವರ್ತನೆಗೆ ಸಮಾಲೋಚನೆ ಸಾಕು, ಪಾಲಕರ ಮತ ಬೇಕಿಲ್ಲ.

ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ‘ದತ್ತು’. 2020ರಲ್ಲಿ ಶಾಸಕರಿಗೂ ತಲಾ ಮೂರು ಸರ್ಕಾರಿ ಶಾಲೆಗಳನ್ನು ದತ್ತು ಪಡೆಯುವಂತೆ ಕೇಳಲಾಯಿತು. ಇಲ್ಲಿ ಗೊಂದಲ ಬೇಡ. ದತ್ತು ಎಂದರೆ ಕೊಠಡಿ, ಶೌಚಾಲಯ, ಬೆಂಚು, ಗ್ರಂಥಾಲಯಗಳಿಗೆ ನೆರವು. ಶಿಕ್ಷಕರೂ ಪ್ರವೇಶವೂ ಆಡಳಿತವೂ ಇಲಾಖೆಯ ಕೈಯಲ್ಲೇ ಇರುತ್ತವೆ. ಹಸ್ತಾಂತರವೇ ಬೇರೆ. ಊರಿನಲ್ಲಿ ಯಾರಾದರೂ ‘ಶಾಲೆಯನ್ನು ಸಂಸ್ಥೆಗೆ ಕೊಡುತ್ತಾರಂತೆ’ ಎಂದರೆ, ಕೊಡುವುದು ನೆರವಿಗೋ ಆಡಳಿತಕ್ಕೋ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಎರಡನೆಯ ಪ್ರಶ್ನೆ ಶುಲ್ಕದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಪೂರ್ಣ ಉಚಿತ ಶಿಕ್ಷಣ. ಅನುದಾನಿತ ಶಾಲೆ ತಾನು ಪಡೆಯುವ ಅನುದಾನದ ಪ್ರಮಾಣಕ್ಕೆ ತಕ್ಕಷ್ಟು, ಕನಿಷ್ಠ ಶೇ 25 ಮಕ್ಕಳಿಗೆ ಉಚಿತವಾಗಿ ಕಲಿಸಬೇಕು. ಅನುದಾನರಹಿತ ಶಾಲೆಯ ಶೇ 25 ಸೀಟುಗಳನ್ನು ನಂಬಿಕೊಳ್ಳುವಂತಿಲ್ಲ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಹೊಣೆ ಇರದಂತೆ 2019ರಲ್ಲಿ ಕರ್ನಾಟಕ ನಿಯಮ ತಿದ್ದಿದೆ. ಪ್ರವೇಶಕ್ಕೆ ಕ್ಯಾಪಿಟೇಷನ್ ಶುಲ್ಕ, ಮಗುವಿಗೆ ಅಥವಾ ಪಾಲಕರಿಗೆ ಪರೀಕ್ಷೆ, ಇವೆರಡನ್ನೂ ಮಾತ್ರ ಕಾಯ್ದೆ ಎಲ್ಲ ಬಗೆಯ ಶಾಲೆಗಳಲ್ಲೂ ನಿಷೇಧಿಸಿದೆ.

ಮೂರನೆಯದು ಊಟ. 2002ರಲ್ಲಿ ಅಕ್ಷರ ದಾಸೋಹ ಬಿಸಿಯೂಟ ಮೊದಲು ಬಂದದ್ದೇ ಗುಲ್ಬರ್ಗ ಸೇರಿದಂತೆ ಈ ಭಾಗದ ಜಿಲ್ಲೆಗಳಿಗೆ. ಅದು ಸರ್ಕಾರಿ, ಅನುದಾನಿತ ಶಾಲೆಗಳಿಗಷ್ಟೆ. ನಸುಕಿನಲ್ಲೇ ತೊಗರಿ ಹೊಲಕ್ಕೋ ಪರಸಿ ಕಲ್ಲಿನ ಗಣಿಗೋ ಹೋಗುವ ತಾಯಿಗೆ ಇದು ಸಣ್ಣ ಸಂಗತಿಯಲ್ಲ.

ನಾಲ್ಕನೆಯದು ದನಿ. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂತು. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಮಹಿಳೆಯರಿರಬೇಕು ಎನ್ನುತ್ತದೆ. ಆದರೆ ಇದು ಅನುದಾನರಹಿತ ಶಾಲೆಗೆ ಅನ್ವಯಿಸುವುದಿಲ್ಲ. ಶಾಲೆ ಆ ಕಡೆ ಹೊರಳಿದರೆ ಪಾಲಕರು ಕಳೆದುಕೊಳ್ಳುವುದು ಕುರ್ಚಿಯನ್ನೇ.

ಕೊನೆಯದು ನೆಲ. ಜಾಗ ಯಾರ ಹೆಸರಿನಲ್ಲಿ ಉಳಿಯುತ್ತದೆ? ನಡೆಸುವವರು ಕೈಬಿಟ್ಟರೆ ಮಕ್ಕಳು ಎಲ್ಲಿಗೆ? ಕೇಂದ್ರ ಸರ್ಕಾರದ ಸಿಮೆಂಟ್ ನಿಗಮದ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ನಿಂತುಹೋದದ್ದನ್ನು ಕಂಡ ಕುರಕುಂಟಾಕ್ಕೆ, ದೊಡ್ಡ ಸಂಸ್ಥೆಯೂ ಬಾಗಿಲು ಹಾಕಬಲ್ಲದು ಎಂದು ಬೇರೆ ಹೇಳಬೇಕಿಲ್ಲ.

ಖಾಸಗಿ ಆಡಳಿತವೆಲ್ಲ ಕೆಟ್ಟದ್ದೂ ಅಲ್ಲ, ಸರ್ಕಾರಿ ಆಡಳಿತವೆಲ್ಲ ಒಳ್ಳೆಯದೂ ಅಲ್ಲ. ಈ ಐದು ಪ್ರಶ್ನೆಗಳಿಗೆ ಎಸ್‌ಡಿಎಂಸಿ ಸಭೆಯಲ್ಲಿ ಉತ್ತರ ಕೇಳಿ, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಪಡೆಯುವುದು ಪಾಲಕರ ಕೆಲಸ. ನಾಗಾವಿಯವರು ಕಲ್ಲಿನಲ್ಲಿ ಬರೆಸಿದರು. ಈಗ ಕಾಗದದ ಮೇಲಾದರೂ ಬರೆಸಬೇಕು.